ಮುಖ ತುಂಬಿಕೊಂಡಿತ್ತು

14 ಜೂನ್ 2024, ಶುಕ್ರವಾರ, ಮೈಸೂರು

ನನಗೆ ಕ್ರೋನ್ಸ್ ಇದೆ, ಕರುಳಿನಲ್ಲಿ ಉರಿಯೂತವಾಗುವ, ವರ್ಷಗಟ್ಟಲೆ ಉಳಿಯುವ ಕಾಯಿಲೆ. ಅದಕ್ಕೇ ಇವತ್ತು ಎಂಆರ್‌ಐ ಸ್ಕ್ಯಾನ್. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದೂವರೆ ಲೀಟರ್ ಮ್ಯಾನಿಟಾಲ್ ನೀರು. ಮುಕ್ಕಾಲು ಗಂಟೆಯಲ್ಲಿ ಮುಗಿಸಬೇಕಂತೆ. ಸಕ್ಕರೆ ಜಾಸ್ತಿಯಾದ ಶರಬತ್ತಿನ ಹಾಗಿತ್ತು, ಮೂರನೇ ಲೋಟಕ್ಕೇ ಸಾಕಾಯಿತು. ನರ್ಸ್ ಪಕ್ಕದಲ್ಲೇ ನಿಂತು "ಇನ್ನೊಂದೇ ಲೋಟ ಅಕ್ಕಾ" ಅಂತ ನಾಲ್ಕು ಸಲ ಹೇಳಿದಳು. ಈ ನೀರಿನಿಂದ ಸಣ್ಣ ಕರುಳು ಉಬ್ಬಿದರೇನೇ ಎಂಆರ್‌ಐನಲ್ಲಿ ಅದರ ಗೋಡೆ ಬಿಡಿಸಿದ ಹಾಗೆ ಕಾಣುವುದು. ಆಮೇಲೆ ಕರುಳು ಅಲುಗಾಡದಿರಲು ಒಂದು ಇಂಜೆಕ್ಷನ್. ಬೋರಲು ಮಲಗಿ, ಹೇಳಿದಾಗಲೆಲ್ಲ ಉಸಿರು ಬಿಗಿಹಿಡಿಯಬೇಕು. ಮುಗಿದದ್ದೇ ಟಾಯ್ಲೆಟ್‌ಗೆ ಓಡಿದೆ.

ಸುಮ್ನೆ ದುಡ್ಡು ದಂಡ ಅಂದುಕೊಂಡಿದ್ದೆ. ನೋವಿಲ್ಲ, ಜ್ವರವಿಲ್ಲ, ಎರಡು ತಿಂಗಳಿಂದ ಊಟ ಸೇರುತ್ತಿದೆ. "ಮುಖ ತುಂಬಿಕೊಂಡಿದೆ ಕಣೇ" ಅಂತ ಅಮ್ಮನಿಗೂ ಖುಷಿ. ಅದು ಸ್ಟೀರಾಯ್ಡ್ ಮಾತ್ರೆಯ ಊತ ಅಂತ ಹೇಳಲು ಮನಸ್ಸು ಬಂದಿರಲಿಲ್ಲ.

ಸಂಜೆ ಡಾಕ್ಟರು ಕಂಪ್ಯೂಟರಿನಲ್ಲಿ ತೋರಿಸಿದರು. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗ. ಗೋಡೆ 3 ಮಿಲಿಮೀಟರ್ ಒಳಗಿರಬೇಕು, ನನ್ನದು 8. ಅದರಿಂದ ಒಂದು ಸಣ್ಣ ಎಳೆ ಹೊರಟು ಕರುಳಿನ ಆಚೆ ಹೋಗಿದೆ, ಫಿಸ್ಟುಲಾ ಅಂತೆ. ಎಳೆಯ ತುದಿಯಲ್ಲಿ ಪುಟ್ಟ ನೆಲ್ಲಿಕಾಯಿಯಷ್ಟು ಕೀವಿನ ಗಂಟು.

"ಏಪ್ರಿಲ್‌ನಲ್ಲಿ ಕೊಲೊನೋಸ್ಕೋಪಿ ಆಗಿತ್ತಲ್ವಾ ಸರ್?" ಅಂದೆ. ಆಗ ಆ ಜಾಗ ಕಿರಿದಾಗಿ ಕ್ಯಾಮೆರಾ ಒಳಗೇ ಹೋಗಿರಲಿಲ್ಲ. ಹೋಗಿದ್ದರೂ ಕಾಣುವುದು ಒಳಗಿನ ಮೈ ಮಾತ್ರ. ಕ್ರೋನ್ಸ್ ಗೋಡೆಯ ಪೂರ್ತಿ ದಪ್ಪಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಕೊರೆದುಕೊಂಡು ಆಚೆ ಹೋಗುತ್ತದೆ. ಮತ್ತೆ ನೋವು, ಜ್ವರ ಯಾಕಿಲ್ಲ? ಅದೇ ಸ್ಟೀರಾಯ್ಡ್ ಎಲ್ಲವನ್ನೂ ಮುಚ್ಚಿಟ್ಟಿತ್ತಂತೆ.

ಕೆಲವು ವರ್ಷದ ಹಿಂದೆ ಬೇರೆ ಕಡೆ ಇದನ್ನೇ ಟಿಬಿ ಅಂದು ಆರು ತಿಂಗಳು ಮಾತ್ರೆ ನುಂಗಿಸಿದ್ದರು. ಕರುಳಿನ ಟಿಬಿಯೂ ನೋಡಲು ಹೀಗೇ ಇರುತ್ತದೆ, ಅವರನ್ನೂ ಪೂರ್ತಿ ಬಯ್ಯುವ ಹಾಗಿಲ್ಲ. ಆದರೂ ಸಿಟ್ಟು ಹೋಗಿಲ್ಲ.

ಬರುವ ಬುಧವಾರ ಕ್ರೋನ್ಸ್‌ಗೆ ಇನ್ಫ್ಲಿಕ್ಸಿಮ್ಯಾಬ್ ಮೊದಲ ಡ್ರಿಪ್ ಇತ್ತು. ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯನ್ನು ತಗ್ಗಿಸುವ ಔಷಧಿ ಅದು. ಒಳಗೆ ಕೀವಿಟ್ಟುಕೊಂಡು ಅದನ್ನು ಏರಿಸಿದ್ದರೆ? ಕೇಳಿದೆ. ಡಾಕ್ಟರು ಏನೂ ಹೇಳದೆ ನನ್ನ ಫೈಲಿನಲ್ಲಿ ಬುಧವಾರದ ತಾರೀಖಿನ ಮೇಲೆ ಗೀಟು ಎಳೆದರು. ಈಗ ಎರಡು ವಾರ ಆಂಟಿಬಯಾಟಿಕ್, ಆಮೇಲೆ ಅಲ್ಟ್ರಾಸೌಂಡ್. ಗಂಟು ಕರಗದಿದ್ದರೆ ಸೂಜಿ ಹಾಕಿ ಕೀವು ತೆಗೆಯುವುದು.

ರಾತ್ರಿ ಅಮ್ಮನ ಫೋನ್. ಮೊದಲು ಮುಖದ ಊತದ ವಿಷಯ ಹೇಳಿದೆ. ಗಂಟಿನ ವಿಷಯಕ್ಕೆ ಬರುವಷ್ಟರಲ್ಲಿ ಕುಕ್ಕರ್ ಕೂಗಿತು ಅಂತ ಇಟ್ಟುಬಿಟ್ಟಳು. ಮತ್ತೆ ಮಾಡುತ್ತಾಳೆ.