ಹೆಸರಿಲ್ಲದವನ "ನಾವು"

ವಿವೇಕ ಶಾನಭಾಗರ ಘಾಚರ್ ಘೋಚರ್ ಕಾದಂಬರಿಯನ್ನು ಮೊದಲ ಸಲ ಒಂದೇ ಸಂಜೆಗೆ ಓದಿ ಮುಗಿಸಿದ್ದೆ. ಸಣ್ಣ ಪುಸ್ತಕ, ಕೂತರೆ ಎರಡು ಮೂರು ಗಂಟೆ ಅಷ್ಟೇ. ಮುಗಿದ ಕೂಡಲೇ ಗೆಳತಿಗೆ ಫೋನ್ ಮಾಡಿ, ಎಂಥಾ ಮನೆ ಮಾರಾಯ್ತಿ ಅದು, ಆ ಅಮ್ಮ, ಆ ಮಗಳು ಮಾಲತಿ, ಆ ಚಿಕ್ಕಪ್ಪ ಅಂತ ಒಂದೇ ಉಸಿರಿಗೆ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಸರಿ, ಕತೆ ಹೇಳೋನು ಹೇಗಿದ್ದಾನೆ?"

"ಅವನು ಪಾಪ," ಅಂದೆ.

ಆಮೇಲೆ ಮತ್ತೆ ಎರಡು ಸಲ ಓದಿದ್ದೇನೆ, ಕೈಯಲ್ಲಿ ಪೆನ್ಸಿಲ್ ಹಿಡಿದು. ಈಗ ಆ "ಪಾಪ" ನೆನಪಾದರೆ ಒಂಥರಾ ಆಗುತ್ತದೆ. ಅಂಥವನನ್ನು ನೋಡಿ ಪಾಪ ಅನ್ನಲು ನನಗೆ ಹೇಗೆ ಮನಸ್ಸು ಬಂತು? ಆ ಮಾತು ನನ್ನ ಬಾಯಿಂದ ಬರುವಂತೆ ಮಾಡಿದ್ದು ಬರವಣಿಗೆ. ಅದು ಹೇಗೆ ಅಂತ ಬರೆದಿಡಬೇಕು ಅನ್ನಿಸಿತು. ಕತೆಯ ಕೊನೆಯನ್ನೂ ಹೇಳಬೇಕಾಗುತ್ತದೆ, ಹಾಗಾಗಿ ಓದಿಲ್ಲದವರು ಮೊದಲು ಪುಸ್ತಕ ಓದಿ ಬನ್ನಿ.

ಕತೆ ತಿಳಿದವರಿಗೂ ಒಂದು ಸಲ ನೆನಪಿಸುತ್ತೇನೆ. 2013ರಲ್ಲಿ ಬಂದ ಪುಸ್ತಕ ಇದು. ಬೆಂಗಳೂರಿನ ಒಂದು ಕುಟುಂಬ. ಅಪ್ಪ ಟೀ ಕಂಪನಿಯೊಂದರಲ್ಲಿ ಸೇಲ್ಸ್‌ಮನ್. ಕೆಲಸ ಹೋಗುತ್ತದೆ. ಕೈಗೆ ಬಂದ ದುಡ್ಡನ್ನು ತಮ್ಮನ ವ್ಯಾಪಾರಕ್ಕೆ ಹಾಕುತ್ತಾನೆ. ಆ ತಮ್ಮನೇ ಚಿಕ್ಕಪ್ಪ, ವ್ಯಾಪಾರ ಸೋನಾ ಮಸಾಲಾ. ದುಡ್ಡು ಬರುತ್ತದೆ, ದೊಡ್ಡ ಮನೆ ಆಗುತ್ತದೆ, ಮನೆಯವರು ಬದಲಾಗುತ್ತಾರೆ. ಮಗನಿಗೆ ಮದುವೆಯಾಗಿ ಹೈದರಾಬಾದಿನಿಂದ ಅನಿತಾ ಬರುತ್ತಾಳೆ. ಇದನ್ನೆಲ್ಲ ಆ ಮಗ ಕಾಫಿ ಹೌಸ್‌ನಲ್ಲಿ ಕೂತು ನಮಗೆ ಹೇಳುತ್ತಾನೆ.

ಅವನ ಹೆಸರೇನು? ಪುಸ್ತಕದಲ್ಲಿ ಎಲ್ಲೂ ಇಲ್ಲ.

ಮೊದಲ ಓದಿನಲ್ಲಿ ನನಗೆ ಇದು ಗೊತ್ತೇ ಆಗಲಿಲ್ಲ. ಯಾಕೆ ಗೊತ್ತಾಗಲಿಲ್ಲ ಅಂತ ಯೋಚಿಸಿದಾಗ ಹೊಳೆದದ್ದು, ನಮ್ಮ ಭಾಷೆಯಲ್ಲಿ ಮನೆಯೊಳಗೆ ಹೆಸರಿನ ಅಗತ್ಯ ಕಡಿಮೆ. ಅಪ್ಪ, ಅಮ್ಮ, ಚಿಕ್ಕಪ್ಪ ಅಂದರೆ ಮುಗಿಯಿತು. ನನ್ನ ಸೋದರತ್ತೆಯ ನಿಜವಾದ ಹೆಸರು ನನಗೆ ತಿಳಿದದ್ದು ಅವರ ಮಗಳ ಲಗ್ನಪತ್ರಿಕೆ ನೋಡಿದಾಗ! ಹಾಗಾಗಿ ಇಲ್ಲಿ ಒಬ್ಬನಿಗೆ ಹೆಸರಿಲ್ಲದಿರುವುದು ಕಣ್ಣಿಗೆ ಚುಚ್ಚುವುದಿಲ್ಲ. ಸಂಬಂಧದ ಹೆಸರುಗಳ ನಡುವೆ ಅವನು ಸುಮ್ನೆ ಅಡಗಿ ಕೂತುಬಿಡುತ್ತಾನೆ.

ಈ ಮಾತು ಎಷ್ಟು ಮುಖ್ಯ ಅನ್ನುವುದು ಮಸೂರ ಬೇಳೆಯ ಪ್ರಸಂಗದಲ್ಲಿ ಗೊತ್ತಾಗುತ್ತದೆ. ಒಬ್ಬ ಹೆಂಗಸು ಚಿಕ್ಕಪ್ಪನನ್ನು ಹುಡುಕಿಕೊಂಡು ಮನೆಗೆ ಬರುತ್ತಾಳೆ. ಅವನಿಗಿಷ್ಟ ಅಂತ ಮಸೂರ ಬೇಳೆಯ ಅಡಿಗೆ ಮಾಡಿ ಡಬ್ಬಿಯಲ್ಲಿ ತಂದಿದ್ದಾಳೆ. ಅವಳು ಬಾಗಿಲಲ್ಲಿ ನಿಂತು ಕೇಳುವುದು ವೆಂಕಟಾಚಲನನ್ನು. ಓದುತ್ತಿದ್ದವಳು ಒಂದು ಗಳಿಗೆ ತಡೆದೆ. ಯಾರು ವೆಂಕಟಾಚಲ? ಅಲ್ಲಿಯವರೆಗೆ ಅವನು ನನಗೂ ಚಿಕ್ಕಪ್ಪನೇ ಆಗಿಬಿಟ್ಟಿದ್ದ. ನಾನೂ ಆ ಮನೆಯವಳಾಗಿ ಒಳಗೆ ಕೂತಿದ್ದೆ, ಹೊರಗಿನಿಂದ ಬಂದವಳೊಬ್ಬಳು ಅವನಿಗೆ ಬೇರೆ ಹೆಸರು, ಬೇರೆ ಬದುಕು ಇದೆ ಅಂತ ತೋರಿಸಿದಳು. ಅಮ್ಮ, ಮಾಲತಿ ಸೇರಿ ಅವಳಿಗೆ ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ಅವಳು ಪ್ರೀತಿಯಿಂದ ಮಾಡಿ ತಂದದ್ದು ನೆಲದ ಪಾಲಾಗುತ್ತದೆ. ಇದು ತಪ್ಪು ಅನ್ನುವ ಧೈರ್ಯ ಮಾಡುವುದು ಅನಿತಾ ಒಬ್ಬಳೇ.

ಕತೆ ಹೇಳುವವನು? ಅಲ್ಲೇ ಇದ್ದಾನೆ. ಎಲ್ಲವನ್ನೂ ನೋಡುತ್ತಾನೆ. ಬೇಳೆಯ ವಾಸನೆ ಕೂಡ ಅವನ ಮೂಗಿಗೆ ಬಡಿಯುತ್ತದೆ. ಆದರೆ ಮಾತಾಡುವುದಿಲ್ಲ.

ಈ ಪಾತ್ರದ ಕೀಲಿಕೈ ಇರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಅವನ ಕಣ್ಣು ಬಹಳ ಚುರುಕು. ಅಪ್ಪ ದಿನದ ಲೆಕ್ಕ ಬರೆಯುವ ರೀತಿ, ಅಮ್ಮನಿಗೆ ಅಡಿಗೆಮನೆಯೇ ರಾಜ್ಯವಾದದ್ದು, ದುಡಿಯುವ ಚಿಕ್ಕಪ್ಪನಿಗೆ ಮನೆಯಲ್ಲಿ ಸಿಗುವ ಉಪಚಾರ, ಇದನ್ನೆಲ್ಲ ಅವನಷ್ಟು ಚೆನ್ನಾಗಿ ಯಾರೂ ಹೇಳಲಾರರು. ಇಷ್ಟೆಲ್ಲ ಗಮನಿಸುವವನು ಒಳ್ಳೆಯವನೇ ಇರಬೇಕು ಅಂತ ನಾವು ಅಂದುಕೊಂಡುಬಿಡುತ್ತೇವೆ. ಹಾಗಂತ ಅವನು ಎಲ್ಲೂ ಹೇಳಿಕೊಳ್ಳುವುದಿಲ್ಲ, ಲೇಖಕರೂ ಹೇಳುವುದಿಲ್ಲ. ನಾವೇ ಸೇರಿಸಿಕೊಂಡದ್ದು ಅದು.

ಎರಡನೇ ಓದಿನಲ್ಲಿ ನನ್ನ ಪೆನ್ಸಿಲ್ ಜಾಸ್ತಿ ನಿಂತದ್ದು "ನಾವು" ಅನ್ನುವ ಪದದ ಕೆಳಗೆ. ಹಳೆಯ ಮನೆಯ ಕತೆ ಹೇಳುವಾಗ ಈ ನಾವು ಎಷ್ಟು ಆಪ್ತವಾಗಿ ಕೇಳಿಸುತ್ತದೆ ಗೊತ್ತಾ? ರೈಲಿನ ಬೋಗಿಗಳ ಹಾಗೆ ಒಂದರ ಹಿಂದೆ ಒಂದು ಸಣ್ಣ ಕೋಣೆಗಳಿದ್ದ ಮನೆ. ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಲು ಜಾಗವೇ ಇಲ್ಲ. ಅಲ್ಲಿ "ನಾವು" ಅಂದರೆ ಒಬ್ಬರಿಗೊಬ್ಬರು ಆಸರೆ, ಒಂದು ಸಾಮಾನು ಕೊಳ್ಳಬೇಕಾದರೂ ಎಲ್ಲರೂ ಕೂತು ಮಾತಾಡುವ ಮನೆ.

ಅದೇ ಮನೆಯಲ್ಲಿ ಇರುವೆಗಳು ಬರುತ್ತವೆ. ಮೊದಲು ಅಮ್ಮನಿಗೆ ಕಾಟ, ಆಮೇಲೆ ಮನೆಯವರೆಲ್ಲರಿಗೂ ಕಾಟ. ಡಬ್ಬಿ ಬಿಡುವುದಿಲ್ಲ, ಪಾತ್ರೆ ಬಿಡುವುದಿಲ್ಲ. ಎಲ್ಲರೂ ಸೇರಿ ಕೊಲ್ಲಲು ಶುರು ಮಾಡುತ್ತಾರೆ. ಬರಬರುತ್ತಾ ಆ ಕೊಲ್ಲುವುದರಲ್ಲಿ ಒಂದು ಸುಖ ಬಂದುಬಿಡುತ್ತದೆ. ಇದನ್ನು ಹೇಳುವಾಗಲೂ ಅದೇ ದನಿ, ಅದೇ "ನಾವು". ಬೆಚ್ಚಗಿನ ಪದವೊಂದು ಒಂದಿಷ್ಟೂ ದನಿ ಏರಿಸದೆ ಕ್ರೂರವಾಗುವುದನ್ನು ನಾನು ಬೇರೆಲ್ಲೂ ಇಷ್ಟು ಹತ್ತಿರದಿಂದ ನೋಡಿಲ್ಲ. ಮೊದಲ ಸಲ ಓದುವಾಗ ಇರುವೆಯ ಭಾಗ ತಮಾಷೆ ಅನ್ನಿಸಿತ್ತು, ನಕ್ಕಿದ್ದೆ ಕೂಡ. ಕೊನೆಯ ಪುಟಗಳಿಂದ ತಿರುಗಿ ಬಂದು ಓದಿದರೆ ನಗು ಬರುವುದಿಲ್ಲ.

ಆಮೇಲೆ ದುಡ್ಡಿನ ಮಾತು. ಬಹಳ ಜನ ನೆನಪಿಟ್ಟುಕೊಂಡಿರುವ ಮಾತು ಅದು. ಹಣ ಸ್ವಲ್ಪ ಇದ್ದಾಗ ತೆಪ್ಪಗಿರುತ್ತದೆ, ಹೆಚ್ಚಾದಾಗ ನಮ್ಮನ್ನೇ ಆಡಿಸಲು ಶುರು ಮಾಡುತ್ತದೆ ಅನ್ನುವ ಅರ್ಥದಲ್ಲಿ ಅವನು ಹೇಳುತ್ತಾನೆ. ಕೇಳಲು ಚೆನ್ನಾಗಿದೆ, ನಿಜವೂ ಹೌದು. ಆದರೆ ಆ ವಾಕ್ಯದಲ್ಲಿ ಕರ್ತೃ ಯಾರು? ಶಾಲೆಯಲ್ಲಿ ಮೇಷ್ಟ್ರು ಕರ್ತೃ, ಕರ್ಮ, ಕ್ರಿಯಾಪದ ಅಂತ ಗೆರೆ ಎಳೆಸುತ್ತಿದ್ದರಲ್ಲ, ಹಾಗೆ ಎಳೆದು ನೋಡಿ. ಆಡಿಸುವುದು ಹಣ. ನಾವು ಅದರ ಕೈಗೆ ಸಿಕ್ಕವರು. ಮನೆಯವರು ಮಾಡಿದ್ದಕ್ಕೆಲ್ಲ ಹೊಣೆ ಯಾರದು ಅಂದರೆ ಹಣದ್ದು! ತಪ್ಪು ಮಾಡಿದವನ ಹೆಸರು ವಾಕ್ಯದಿಂದ ಜಾರಿಹೋಯಿತು. ಅವನಿಗೆ ಹೆಸರೇ ಇಲ್ಲದಿರುವುದಕ್ಕೂ ಇದಕ್ಕೂ ಸಂಬಂಧವಿದೆ ಅಂತ ನನ್ನ ಓದು.

ಕನ್ನಡದಲ್ಲಿ ಹೀಗೆ ಜಾರಿಕೊಳ್ಳುವುದು ಬಹಳ ಸುಲಭ. "ಲೋಟ ಒಡೆದೆ" ಅನ್ನುವ ಬದಲು "ಲೋಟ ಒಡೆದುಹೋಯ್ತು" ಅನ್ನುತ್ತೇವೆ. "ಮಾತು ಬಂತು", "ಜಗಳ ಆಯ್ತು", "ಬಿಡಬೇಕಾಯ್ತು". ಬೇಕಾಯ್ತು ಅನ್ನುವುದಂತೂ ದೊಡ್ಡ ಆಸರೆ, ಅದರ ಹಿಂದೆ ಯಾರು ಬೇಕಾದರೂ ನಿಲ್ಲಬಹುದು.

ಇಲ್ಲಿ ನನ್ನದೊಂದು ವಿಷಯ ಹೇಳಲೇಬೇಕು. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಮನೆಗೆ ಕೆಲಸಕ್ಕೆ ಒಬ್ಬರು ಅಕ್ಕ ಬರುತ್ತಿದ್ದರು. ನನಗೆ ಪರೀಕ್ಷೆ ಇದ್ದಾಗ ಬೆಳಿಗ್ಗೆ ತಾವೇ ಕಾಫಿ ಮಾಡಿ ತಂದಿಡುತ್ತಿದ್ದರು. ಒಂದು ದಿನ ಬೀರುವಿನಲ್ಲಿ ಇಟ್ಟ ದುಡ್ಡು ಕಾಣಲಿಲ್ಲ. ಯಾರೂ ಅವರನ್ನು ಕಳ್ಳಿ ಅಂತ ಬಾಯಿಬಿಟ್ಟು ಹೇಳಲಿಲ್ಲ, ಮುಂದಿನ ತಿಂಗಳಿಂದ ಬರಬೇಡಿ ಅಂದರು ಅಷ್ಟೇ. ಅವರು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ನಾನು ಪುಸ್ತಕ ನೋಡಿದೆ. ಈ ಕತೆಯನ್ನು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿದ್ದೇನೆ, ಪ್ರತಿ ಸಲವೂ "ಆಮೇಲೆ ಅವರನ್ನ ಬಿಡಿಸಬೇಕಾಯ್ತು" ಅಂತಲೇ ಹೇಳಿದ್ದೇನೆ. ನಾನು ಅಲ್ಲೇ ಕೂತಿದ್ದೆ, ಒಂದು ಮಾತು ಆಡಬಹುದಿತ್ತು, ಆಡಲಿಲ್ಲ ಅಂತ ಒಮ್ಮೆಯೂ ಹೇಳಿಲ್ಲ. ಮಸೂರ ಬೇಳೆಯ ಪುಟ ಎರಡನೇ ಸಲ ಓದುವಾಗ ಈ ವಾಕ್ಯ ನೆನಪಾಗಿ ಪುಸ್ತಕ ಮುಚ್ಚಿಟ್ಟೆ. ಎರಡು ದಿನ ಬೇಕಾಯಿತು ಮತ್ತೆ ತೆಗೆಯಲು.

ಸರಿ, ಭಾಷೆಯ ಮಾತು ಇಷ್ಟು. ಕಟ್ಟಿದ ರೀತಿಯೂ ಅಷ್ಟೇ ಜಾಣತನದ್ದು. ಅವನು ಕಾಫಿ ಹೌಸ್‌ಗೆ ಬಂದು ಕೂತಿರುವುದು ಅನಿತಾಳ ಕಾರಣಕ್ಕೆ. ಅವಳು ಹೈದರಾಬಾದಿಗೆ ಹೋಗಿದ್ದಾಳೆ, ಬರಬೇಕು, ಸುದ್ದಿಯೇ ಇಲ್ಲ. ಇದನ್ನು ಮೊದಲ ಸಾಲಿನಲ್ಲೇ ಹೇಳಬಹುದಿತ್ತು. ಅವನು ಹೇಳುವುದು ಕಾಫಿ ಹೌಸ್ ಬಗ್ಗೆ, ವಿನ್ಸೆಂಟ್ ಅನ್ನುವ ವೇಟರ್ ಬಗ್ಗೆ, ಅಲ್ಲೇ ಭೇಟಿಯಾಗುತ್ತಿದ್ದ ಚಿತ್ರಾ ಬಗ್ಗೆ. ಆಮೇಲೆ ಚಿಕ್ಕಪ್ಪ, ಅಪ್ಪ, ಮಾಲತಿ, ಹೀಗೆ ಒಬ್ಬೊಬ್ಬರ ಕತೆ. ಮಾತಾಡಲು ಕಷ್ಟವಾದ ವಿಷಯ ಇದ್ದಾಗ ನಾವು ಊರೆಲ್ಲ ಸುತ್ತುತ್ತೇವಲ್ಲ, ಥೇಟ್ ಹಾಗೆ. ಈ ಸುತ್ತಾಟವೇ ಅವನ ಸ್ವಭಾವ. ಅವನು ಹೇಡಿ ಅಂತ ಯಾರೂ ಹೇಳಬೇಕಿಲ್ಲ, ಅಧ್ಯಾಯಗಳ ಸಾಲೇ ಹೇಳುತ್ತದೆ.

ಆ ಚಿತ್ರಾಳ ಭಾಗವನ್ನು ಬೇಗ ದಾಟಿಬಿಡಬೇಡಿ. ಅವಳು ಹೆಣ್ಣುಮಕ್ಕಳ ಪರವಾಗಿ ಕೆಲಸ ಮಾಡುವ ಸಂಸ್ಥೆಯಲ್ಲಿದ್ದಾಳೆ, ಗಂಡನ ಮನೆಯಲ್ಲಿ ಹಿಂಸೆ ಅನುಭವಿಸಿದವರ ಕತೆಗಳನ್ನು ಅವನಿಗೆ ಹೇಳುತ್ತಿರುತ್ತಾಳೆ. ಆ ಗೆಳೆತನ ಒಂದು ದಿನ ನಿಂತೇಹೋಗುತ್ತದೆ. ಅದು ಕತೆಯ ತೀರಾ ಶುರುವಿನಲ್ಲೇ ಬರುತ್ತದೆ, ಅನಿತಾ ಯಾರು ಅಂತ ನಮಗೆ ಸರಿಯಾಗಿ ಗೊತ್ತಾಗುವ ಮೊದಲೇ. ಮುಂದೆ ಅನಿತಾಳ ಪಾಡು ಓದುವಾಗ ಅದು ನೆನಪಿಗೆ ಬರಬೇಕು. ಬಂದರೆ ಮೈ ಜುಂ ಅನ್ನುತ್ತದೆ.

ಅನಿತಾಳಿಗೆ ಮದುವೆಯಾದ ಮೇಲೆ ಗೊತ್ತಾಗುವುದು, ಗಂಡ ಹೆಸರಿಗೆ ಡೈರೆಕ್ಟರ್, ಕೆಲಸ ಏನೂ ಇಲ್ಲ, ಸಂಬಳ ಮಾತ್ರ ಬರುತ್ತದೆ. ಅವಳು ಅದನ್ನು ನೇರವಾಗಿ ಕೇಳುತ್ತಾಳೆ. ಆ ಮನೆಯಲ್ಲಿ "ನೀನು" ಅಂತ ಅವನ ಕಡೆ ಬೆರಳು ತೋರಿಸಿ ಮಾತಾಡುವವಳು ಅವಳೇ. "ನಾವು" ಅನ್ನುವ ಕಂಬಳಿ ಹೊದ್ದು ಮಲಗಿದವನಿಗೆ "ನೀನು" ಅನ್ನುವ ಮಾತು ಎಷ್ಟು ಚಳಿ ಹುಟ್ಟಿಸಿರಬೇಕು.

ಇನ್ನು ಘಾಚರ್ ಘೋಚರ್ ಅನ್ನುವ ಮಾತು. ಇದು ಅನಿತಾಳದು. ಚಿಕ್ಕವಳಿದ್ದಾಗ ಗಾಳಿಪಟದ ದಾರ ಸಿಕ್ಕಾದಾಗ ಅವಳು ಮತ್ತು ಅವಳ ತಮ್ಮ ಕಟ್ಟಿಕೊಂಡ ಮಾತು. ಮದುವೆಯಾದ ಹೊಸತರಲ್ಲಿ, ಲಂಗದ ಲಾಡಿ ಗಂಟು ಬಿಗಿದುಕೊಂಡಾಗ, ಅವಳು ಇದನ್ನು ಗಂಡನಿಗೆ ಹೇಳಿಕೊಡುತ್ತಾಳೆ. ನಮ್ಮಲ್ಲಿ ಸಿಕ್ಕು, ಗೋಜಲು, ಗಜಿಬಿಜಿ ಎಲ್ಲ ಇವೆ. ಆದರೂ ಅರ್ಥವಿಲ್ಲದ ಈ ಎರಡು ಶಬ್ದ ಬೇಕಾಯಿತು, ಯಾಕೆಂದರೆ ಇದು ನಿಘಂಟಿನ ಮಾತಲ್ಲ, ಅವಳು ತವರಿನಿಂದ ತಂದದ್ದು. ಒಡವೆಗಿಂತ ಹತ್ತಿರದ್ದು. ತನ್ನ ಮನೆಯ ಗುಟ್ಟಿನ ಮಾತನ್ನು ಅವಳು ನಂಬಿ ಅವನಿಗೆ ಕೊಟ್ಟಳು. ಈಗ ಆ ಮಾತು ಅವನ ಬಾಯಲ್ಲಿದೆ, ಅವಳು ಎಲ್ಲಿದ್ದಾಳೋ ಗೊತ್ತಿಲ್ಲ. ಪುಸ್ತಕದ ಹೆಸರೇ ಅವಳ ಮಾತು ಅನ್ನುವುದು ನನಗೆ ಮೂರನೇ ಓದಿನಲ್ಲಿ ಗಂಟಲು ಕಟ್ಟಿಸಿತು.

ಅನಂತಮೂರ್ತಿಯವರ ಸಂಸ್ಕಾರ ನೆನಪಾಗದೆ ಇರುವುದಿಲ್ಲ. 1965ರ ಪುಸ್ತಕ. ಅಲ್ಲಿ ಆಚಾರ ಮುರಿದ ನಾರಣಪ್ಪ ಕತೆ ಶುರುವಾಗುವಾಗಲೇ ಸತ್ತಿದ್ದಾನೆ, ಆದರೂ ಬೇರೆಯವರ ಬಾಯಿಂದಲೇ ಎದ್ದು ಬಂದು ಅಗ್ರಹಾರವನ್ನೆಲ್ಲ ನಡುಗಿಸುತ್ತಾನೆ. ಅಗ್ರಹಾರದ ದೊಡ್ಡ ಪಂಡಿತ ಪ್ರಾಣೇಶಾಚಾರ್ಯನ ತಳಮಳವಂತೂ ಪುಟಗಟ್ಟಲೆ ಇದೆ, ಮಾಡಿದ್ದು ತಾನೋ ತನಗೆ ಆದದ್ದೋ ಅಂತ ಅವನು ತನ್ನನ್ನೇ ಹಿಂಡಿಕೊಳ್ಳುತ್ತಾನೆ. ಶಾನಭಾಗರ ಈ ಹುಡುಗ ಆ ಪ್ರಶ್ನೆಯ ಹತ್ತಿರಕ್ಕೂ ಹೋಗುವುದಿಲ್ಲ. ಪ್ರಾಣೇಶಾಚಾರ್ಯ ಬಾಯಿಬಿಟ್ಟು ಕೇಳಿಕೊಂಡದ್ದನ್ನು ಇಲ್ಲಿ ಓದುವವರೇ ಕೇಳಿಕೊಳ್ಳಬೇಕು.

ಕೊನೆಗೆ ವಿನ್ಸೆಂಟ್. ಅವನು ಆಡುವ ಮಾತು ನಾಲ್ಕೋ ಐದೋ. ಎಲ್ಲ ಸಾಧಾರಣ ಮಾತು, ಆದರೆ ಕತೆ ಹೇಳುವವನಿಗೆ ಅವು ದೇವರ ಅಪ್ಪಣೆ ಇದ್ದ ಹಾಗೆ. ಒಬ್ಬ ಹುಡುಗಿ ಹುಡುಗನ ಜೊತೆ ಜಗಳವಾಡಿ ಎದ್ದು ಹೋದಾಗ ವಿನ್ಸೆಂಟ್, ಕತೆ ಒಂದೇ, ಮಗ್ಗುಲು ಹಲವು ಅನ್ನುವಂಥ ಒಂದು ಮಾತು ಹೇಳುತ್ತಾನೆ. ಇವನಿಗೆ ಅದು ಬಹಳ ಹಿತವಾಗುತ್ತದೆ. ಹಲವು ಮಗ್ಗುಲು ಇದ್ದರೆ ಯಾವುದರ ಪರವಾಗಿಯೂ ನಿಲ್ಲಬೇಕಿಲ್ಲ, ಅಲ್ವಾ?

ಆದರೆ ಕೊನೆಯ ಪುಟದಲ್ಲಿ ವಿನ್ಸೆಂಟ್ ಹೇಳುವುದು ಒಗಟಲ್ಲ. ಅದಕ್ಕೂ ಮೊದಲು ಮನೆಯವರು ಕೂತು, ಯಾರನ್ನು ಯಾರು ಹೇಗೆ ಕೊಲ್ಲಿಸಿದರು ಅನ್ನುವ ಸುದ್ದಿಗಳನ್ನು ಊಟ ತಿಂಡಿಯ ಮಾತಿನ ಹಾಗೆ ಆಡಿದ್ದಾರೆ. ಅನಿತಾಳ ಸುದ್ದಿ ಇಲ್ಲ. ಇವನ ಕೈಯಲ್ಲಿದ್ದ ಗಾಜಿನ ಲೋಟ ಒಡೆಯುತ್ತದೆ. ವಿನ್ಸೆಂಟ್ ಹತ್ತಿರ ಬಂದು, ಸರ್, ಕೈ ತೊಳೆದುಕೊಳ್ಳಿ, ರಕ್ತ ಆಗಿದೆ ಅಂತ ಹೇಳುತ್ತಾನೆ.

ನನ್ನ ಪ್ರತಿಯಲ್ಲಿ ಆ ಪುಟದ ಅಂಚಿನಲ್ಲಿ ಮೊದಲ ಸಲ "ಪಾಪ" ಅಂತ ಬರೆದದ್ದು ಇನ್ನೂ ಇದೆ. ಅಳಿಸಿಲ್ಲ. ಅದರ ಪಕ್ಕದಲ್ಲಿ ಆ ಅಕ್ಕನ ಹೆಸರು ಬರೆದಿದ್ದೇನೆ.