ಬಾಣಂತಿ ಕೋಣೆಯ ಕತ್ತಲು ಮತ್ತು ಸೆರೆಬ್ರಲ್ ಪಾಲ್ಸಿ

ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗೆ ಬಿದ್ದ ಪೆಟ್ಟಿನಿಂದ ಮೈಕೈ ಚಲನೆಯ ಹಿಡಿತ ತಪ್ಪುವ ತೊಂದರೆ) ಇರುವ ಮಗುವಿನ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ: ಹೆರಿಗೆ ಮಾಡಿಸಿದವರು ತಡ ಮಾಡಿದರು, ಇಲ್ಲವೇ ತಾಯಿ ಬಸುರಿನಲ್ಲಿ ಗ್ರಹಣ ನೋಡಿದಳು. ಗ್ರಹಣದ ಮಾತು ಬಿಟ್ಟುಬಿಡಿ. ಮೊದಲನೆಯದು ಕೆಲವು ಮಕ್ಕಳ ಮಟ್ಟಿಗೆ ನಿಜ. ಆದರೆ ಮಿದುಳಿಗೆ ಪೆಟ್ಟು ಹೆರಿಗೆಗೆ ಮುಂಚಿನ ತಿಂಗಳುಗಳಲ್ಲೂ ಬೀಳಬಹುದು, ಹೆತ್ತ ನಂತರದ ವಾರದಲ್ಲೂ ಬೀಳಬಹುದು.

ದಿನ ತುಂಬದೆ, ಅದರಲ್ಲೂ 32 ವಾರದೊಳಗೆ ಹುಟ್ಟಿದ, ಒಂದೂವರೆ ಕೆಜಿಗಿಂತ ಕಡಿಮೆ ತೂಗುವ ಮಕ್ಕಳಿಗೆ ಅಪಾಯ ಹೆಚ್ಚು. ಬೇಗ ನೋವು ಬಂದ ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಮಗುವಿನ ಶ್ವಾಸಕೋಶವನ್ನು ಸಿದ್ಧಮಾಡುತ್ತದೆ, ಮೆಗ್ನೀಸಿಯಂ ಸಲ್ಫೇಟ್ ಮಿದುಳನ್ನು ಕಾಯುತ್ತದೆ. ಎರಡನ್ನೂ ಹೆರಿಗೆಗೆ ಮೊದಲೇ ಕೊಡಬೇಕು. ಸ್ಟೀರಾಯ್ಡ್ ಪೂರ್ತಿ ಫಲ ಕೊಡಲು ಸುಮಾರು 24 ಗಂಟೆ ಬೇಕು. ಮಳೆಗಾಲದ ರಾತ್ರಿ ನಮ್ಮ ಉತ್ತರ ಕನ್ನಡದ ದೇವಿಮನೆ ಘಟ್ಟವನ್ನೋ ಅರಬೈಲನ್ನೋ ಇಳಿಯಲು ಹೆದರಿ ‘ಬೆಳಗಾಗಲಿ’ ಎಂದು ಕೂತರೆ ಹೋಗುವುದು ಈ ಗಂಟೆಗಳೇ. ಹುಟ್ಟಿದಾಗ ಉಸಿರುಗಟ್ಟಿದ ಮಗುವಿಗೆ ಮೈ ತಂಪಾಗಿಸುವ ಚಿಕಿತ್ಸೆಯನ್ನು 6 ಗಂಟೆಯೊಳಗೆ ಶುರುಮಾಡಬೇಕು. ಅದು ದೊಡ್ಡ ಆಸ್ಪತ್ರೆಗಳ ಕೆಲಸ. ಸಿದ್ದಾಪುರದ ಒಳಹಳ್ಳಿಯಿಂದ ದಾರಿ ಲೆಕ್ಕ ಹಾಕಿ ನೋಡಿ. ಅವಳಿ, ಬಿ.ಪಿ. ಇದ್ದವರು ಕೊನೆಯ ವಾರಗಳಲ್ಲಿ ನವಜಾತ ಶಿಶು ಘಟಕವಿರುವ ಊರಿನ ಹತ್ತಿರ ಇರುವುದೇ ಒಳ್ಳೆಯದು.

ಚೊಚ್ಚಲು ಬಾಣಂತನ ತವರಿನಲ್ಲೇ ಆಗಬೇಕು, ಸರಿ. ಆದರೆ ಹುಡುಗಿ ಹೊನ್ನಾವರಕ್ಕೆ ಬಂದಳು, ತಾಯಿ ಕಾರ್ಡ್ ಬೆಂಗಳೂರಿನಲ್ಲೇ ಉಳಿಯಿತು ಎಂದಾಗಬಾರದು. ತಾಯಿಯ ರಕ್ತದ ಗುಂಪು ಇರುವುದು ಅದರಲ್ಲೇ. ನೆಗೆಟಿವ್ ರಕ್ತದ ಗುಂಪಿನ ತಾಯಿಗೆ ಪಾಸಿಟಿವ್ ಮಗು ಹುಟ್ಟಿದರೆ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ ಬೀಳಬೇಕು. ತಪ್ಪಿದರೆ ಪೆಟ್ಟು ಮುಂದಿನ ಮಗುವಿಗೆ.

ಎಲ್ಲಕ್ಕಿಂತ ಸುಲಭವಾಗಿ ತಡೆಯಬಹುದಾದದ್ದು ಹಳದಿ, ಅಂದರೆ ಹಸುಗೂಸಿನ ಕಾಮಾಲೆಯಿಂದ ಮಿದುಳಿಗೆ ಬೀಳುವ ಪೆಟ್ಟು. ಹಳದಿ ಏರುವುದು ಮೂರರಿಂದ ಐದನೇ ದಿನ, ಅಂದರೆ ಮನೆಗೆ ಬಂದ ಮೇಲೆ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಹಳದಿ ಬಲ್ಬ್ ಹಾಕಿದರೆ ಯಾವ ಮಗುವಿನ ಬಣ್ಣವೂ ತಿಳಿಯದು. ಬೆಳಿಗ್ಗೆ ಕಿಟಕಿ ತೆರೆದು, ಬಟ್ಟೆ ಬಿಚ್ಚಿ, ಹಣೆ, ಎದೆ, ಮೊಣಕಾಲಿನ ಕೆಳಗೆ ಬೆರಳಿನಿಂದ ಒತ್ತಿ ಬಿಡಿ. ಆ ಜಾಗದ ಬಣ್ಣ ನೋಡಿ. ಕಪ್ಪು ಮೈಬಣ್ಣವಾದರೆ ವಸಡು, ಕಣ್ಣಿನ ಬಿಳಿಭಾಗ ನೋಡಿ. ಮೊದಲ 24 ಗಂಟೆಯಲ್ಲೇ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಹಾಲು ಬಿಟ್ಟು ಮಂಪರಾದರೆ, ಬೆನ್ನು ಹಿಂದಕ್ಕೆ ಬಾಗಿಸಿದರೆ ತಕ್ಷಣ ಹೊರಡಿ. ಎಳೆಬಿಸಿಲು ಫೋಟೊಥೆರಪಿಯ (ಆಸ್ಪತ್ರೆಯಲ್ಲಿ ಮಗುವನ್ನು ನೀಲಿ ಬೆಳಕಿನಡಿ ಇಡುವ ಚಿಕಿತ್ಸೆಯ) ಕೆಲಸ ಮಾಡುವುದಿಲ್ಲ. ಹಳದಿ ತರುವ ಬಿಲಿರುಬಿನ್ ಎಂಬ ವಸ್ತು ಮಿದುಳಿನ ಆಳಕ್ಕೆ ಇಳಿದರೆ ಕೈಕಾಲು ತನ್ನಷ್ಟಕ್ಕೆ ತಿರುಚಿಕೊಳ್ಳುವ ಬಗೆಯ ಪಾಲ್ಸಿ ಬರುತ್ತದೆ, ಜೊತೆಗೆ ಕಿವುಡೂ ಬರಬಹುದು. ಇನ್ನೊಂದು: ನುಸಿಗುಳಿಗೆ ಹಾಕಿಟ್ಟ ಪೆಟ್ಟಿಗೆಯ ಹಳೆ ಸೀರೆಯಲ್ಲಿ ಮಗುವನ್ನು ಸುತ್ತಬೇಡಿ. ಜಿ6ಪಿಡಿ (ರಕ್ತಕಣಗಳನ್ನು ಕಾಯುವ ಒಂದು ಕಿಣ್ವ) ಕೊರತೆಯಿರುವ ಮಗುವಿನ ರಕ್ತಕಣಗಳು ಅದರಿಂದ ಒಡೆದು ಹಳದಿ ಒಮ್ಮೆಲೇ ಏರುತ್ತದೆ.

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ನೋಡಬೇಕೆಂಬುದು ನಿಯಮ. ಅಮೆಯ (ಹೆರಿಗೆಯ ಸೂತಕದ) ನೆಪ ಹೇಳಿ ಅವರನ್ನು ಜಗಲಿಯಿಂದಲೇ ಕಳಿಸುವುದು ಶುದ್ಧ ಅವಿವೇಕ.

ಸೋದರ ಸಂಬಂಧದ ಮದುವೆಯಾಗಿದ್ದರೆ ಡಾಕ್ಟರಿಗೆ ಹೇಳಿ. ಪಾಲ್ಸಿಯಂತೆಯೇ ಕಾಣುವ ವಂಶವಾಹಿ ಕಾಯಿಲೆಗಳೂ ಇವೆ.

ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಮುಷ್ಟಿ ಬಿಚ್ಚದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸಿದರೆ ‘ಗಂಡುಮಕ್ಕಳು ನಿಧಾನ’ ಎನ್ನುತ್ತ ಕಾಯಬೇಡಿ. ಹೋಗುವಾಗ ಡಿಸ್ಚಾರ್ಜ್ ಚೀಟಿ ಒಯ್ಯಿರಿ: ಎಷ್ಟನೇ ವಾರ, ಎಷ್ಟು ತೂಕ, ಕೂಡಲೇ ಅತ್ತಿತೇ, ಫಿಟ್ಸ್ ಬಂದಿತ್ತೇ, ಬಿಲಿರುಬಿನ್ ಎಷ್ಟಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ.