ಟೇಪು ಹಿಡಿದಾಗ ಹೊಟ್ಟೆ ಒಳಗೆಳೆಯಬೇಡಿ

ಕೊಡಗಿನ ವಿರಾಜಪೇಟೆಯಲ್ಲಿರುವ ನನ್ನ ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆಯುವಾಗ ಅಂಕಿಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಕೆಲಸ ಕಲಿಯಲು ಬರುವ ಹುಡುಗಿಯರಿಗೆ ಕತ್ತರಿ ಕೊಡುವ ಮೊದಲೇ ಇದನ್ನು ಹೇಳಿಬಿಡುತ್ತೇನೆ: ಟೇಪು ನೋಡು, ಪುಸ್ತಕದಲ್ಲಿ ಬರೆದುಕೋ, ಸುಮ್ಮನಿರು. ನಾನು ಕೆಲಸ ಕಲಿತ ಕಡೆ ಒಬ್ಬರು ಅಳೆದು "ಎದೆ ನಲವತ್ತೆರಡು" ಎಂದು ಕೂಗುತ್ತಿದ್ದರು, ಮತ್ತೊಬ್ಬರು ಬರೆದುಕೊಳ್ಳುತ್ತಿದ್ದರು. ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುತ್ತಿತ್ತು. ಅಳತೆ ಕೊಡುತ್ತಿದ್ದವರ ಮುಖ ಚಿಕ್ಕದಾಗುವುದನ್ನು ಬಹಳ ಸಲ ನೋಡಿದ್ದೇನೆ.

ಟೇಪು ಸುತ್ತಿದ ಕೂಡಲೇ ಮುಕ್ಕಾಲು ಪಾಲು ಹೆಂಗಸರು ಉಸಿರು ಬಿಗಿಹಿಡಿಯುತ್ತಾರೆ. ಆ ಅಳತೆಗೆ ಹೊಲಿದರೆ ರವಿಕೆ ಕನ್ನಡಿ ಮುಂದೆ ಸರಿಯಾಗಿರುತ್ತದೆ, ಊಟಕ್ಕೆ ಕೂತಾಗ ಕೈಕೊಡುತ್ತದೆ. ಹಾಗಾಗಿ ಟೇಪು ಹಿಡಿದುಕೊಂಡೇ "ನಿಮ್ಮ ಕಡೆ ಹೂಮಳೆ ಬಂತಾ?" ಅಂತ, ಕಾಫಿ ಹೂ ಅರಳಿಸುವ ಮಳೆಯ ಸುದ್ದಿ ಕೇಳುತ್ತೇನೆ. ಉತ್ತರ ಕೊಡಬೇಕಾದರೆ ಉಸಿರು ಬಿಡಲೇಬೇಕು. ಆಗ ಟೇಪಿನಲ್ಲಿ ಕಾಣುವುದೇ ಅವರ ನಿಜವಾದ ಅಳತೆ.

ಮದುವೆ ಹುಡುಗಿಯರದು ಇನ್ನೊಂದು ಬೇಡಿಕೆ. "ಅಕ್ಕ, ಇನ್ನೂ ಎರಡು ತಿಂಗಳಿದೆ, ಸಣ್ಣ ಆಗ್ತೀನಿ. ಎರಡು ಇಂಚು ಕಮ್ಮಿ ಇಟ್ಟು ಹೊಲೀರಿ." ನಾನು ಒಪ್ಪುವುದಿಲ್ಲ. ಎರಡು ಇಂಚು ಕಡಿಮೆಯಾದರೆ ಹುಕ್‌ಗಳ ನಡುವೆ ಬಾಯಿ ಬಿಡುತ್ತದೆ, ಕಂಕುಳ ಹೊಲಿಗೆ ಎಳೆದು ಬಟ್ಟೆ ಹಿಂಜಿಕೊಳ್ಳುತ್ತದೆ. ಇವತ್ತಿನ ಮೈಗೆ ಹೊಲಿದು, ಎರಡೂ ಪಕ್ಕ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡುತ್ತೇನೆ. ಸಣ್ಣ ಆದರೆ ಒಂದು ಹೊಲಿಗೆ ಒಳಗೆ ಹಾಕಿದರಾಯಿತು, ದಪ್ಪ ಆದರೆ ಬಿಚ್ಚಿದರಾಯಿತು. ಹೊಟ್ಟೆ ಕಟ್ಟಿ ಒಣಗಿದ ಹುಡುಗಿ ಮಂಟಪದಲ್ಲಿ ತಲೆಸುತ್ತಿ ಕೂರುವುದು ಬೇಡ ಅನ್ನುವುದೂ ನನ್ನ ಮನಸ್ಸಿನಲ್ಲಿರುತ್ತದೆ.

ಕೊಡವ ಶೈಲಿಯ ಸೀರೆಗೆ ನೆರಿಗೆ ಹಿಂದೆ ಬರುತ್ತದೆ, ಸೆರಗು ಬಲಭುಜದ ಮೇಲೆ ಮುಂದಕ್ಕೆ ಬಂದು ಪಿನ್ ಆಗುತ್ತದೆ. ಮುಂದೆ ನೆರಿಗೆ ಇಲ್ಲದ್ದರಿಂದ ಹೊಟ್ಟೆ ಎದ್ದು ಕಾಣುತ್ತದೆ ಎಂಬ ಚಿಂತೆ ಹುಡುಗಿಯರಿಗೆ. ಅದೇ ಮನೆಯ ಗಂಡಸರು ಹಾಕುವ ಉದ್ದನೆಯ ನಿಲುವಂಗಿ, ಕುಪ್ಯ ನೋಡಿ. ಒಂದರ ಮೇಲೊಂದು ಬರುವ ಎರಡು ಪಕ್ಕ, ಮೇಲೆ ಸೊಂಟಕ್ಕೆ ಸುತ್ತುವ ಚೇಲೆ ಎಂಬ ಪಟ್ಟಿ. ಅಪ್ಪನ ಕುಪ್ಯವನ್ನು ಮಗ ಹಾಕಿಕೊಂಡು ಹೋದರೂ ನಡೆಯುತ್ತದೆ, "ನಿನ್ನ ಸೈಜ್ ಎಷ್ಟು" ಅಂತ ಯಾರೂ ಕೇಳುವುದಿಲ್ಲ. ತಂಗಿಗೆ ಮಾತ್ರ ನಿಶ್ಚಿತಾರ್ಥವಾದ ದಿನದಿಂದ ಊಟದ ತಟ್ಟೆ ಮೇಲೆ ಎಲ್ಲರ ಕಣ್ಣು. ನನಗೆ ಸಿಟ್ಟು ಬರುವುದು ಇಲ್ಲೇ.

ರೆಡಿಮೇಡ್ ಕುರ್ತಾ ಹಿಡಿದುಕೊಂಡು ಬಂದು "ಎಕ್ಸ್ಎಲ್ ಆಗಿಬಿಟ್ಟೆ" ಅಂತ ಕಣ್ಣೀರು ಹಾಕಿದವರಿದ್ದಾರೆ. ಆ ಅಕ್ಷರಕ್ಕೆ ಒಂದು ಗಟ್ಟಿ ಅಳತೆಯೇ ಇಲ್ಲ. ಒಂದು ಕಂಪನಿಯ ಎಲ್ ಇನ್ನೊಂದರ ಎಕ್ಸ್ಎಲ್‌ಗಿಂತ ದೊಡ್ಡದಿರುತ್ತದೆ. ನಮ್ಮ ಜನರ ಮೈಕಟ್ಟಿಗೇ ಒಂದು ಅಳತೆಪಟ್ಟಿ ಬೇಕೆಂದು ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್ 'ಇಂಡಿಯಾಸೈಜ್' ಸಮೀಕ್ಷೆಗೆ ಕೈಹಾಕಿತು. ಬೆಂಗಳೂರು ಸೇರಿ ಆರು ನಗರಗಳಲ್ಲಿ 25,000 ಜನರ ಅಳತೆಯನ್ನು 3ಡಿ ಸ್ಕ್ಯಾನರ್‌ನಲ್ಲಿ ತೆಗೆಯುವ ಯೋಜನೆ ಅದು. ಅಲ್ಲಿಯವರೆಗೆ ಕಂಪನಿಗಳು ನೋಡಿಕೊಂಡು ಬಂದದ್ದು ಹೆಚ್ಚಾಗಿ ಹೊರದೇಶದ ಪಟ್ಟಿಗಳನ್ನು. ಕಾಫಿ ತೋಟದಲ್ಲಿ ಮೂಟೆ ಎತ್ತಿ ಗಟ್ಟಿಯಾದ ತೋಳಿಗೆ ಆ ಪಟ್ಟಿಯ ತೋಳು ಬಿಗಿಯಾದರೆ ತಪ್ಪು ಯಾರದು? ಎದೆ 38 ಇರುವ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿದರೆ ಭುಜ ಬೇರೆ, ತೋಳಿನ ಸುತ್ತಳತೆ ಬೇರೆ, ಬೆನ್ನಿನ ಬಾಗು ಬೇರೆ.

"ದಪ್ಪ ಇದ್ದರೆ ಕಾಯಿಲೆ ಅಲ್ವಾ ಅಕ್ಕ?" ಅಂತ ಕೇಳುವವರಿಗೆ ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ. ಎಲ್ಲರೂ ಹಿಡಿದುಕೊಂಡಿರುವ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ನೋಡುವ ಲೆಕ್ಕ, ಮೊದಲು ಬಂದದ್ದು 1830ರ ದಶಕದಲ್ಲಿ, ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಸಂಖ್ಯಾಶಾಸ್ತ್ರಜ್ಞರಿಂದ. ಅವರು ಹುಡುಕುತ್ತಿದ್ದದ್ದು ಸರಾಸರಿ ಮನುಷ್ಯನನ್ನು, ರೋಗಿಯನ್ನಲ್ಲ. ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ. ಆ ಲೆಕ್ಕಕ್ಕೆ ಕೊಬ್ಬು ಯಾವುದು, ದುಡಿದ ಮಾಂಸಖಂಡ ಯಾವುದು ಗೊತ್ತಾಗುವುದಿಲ್ಲ. ಹಾಗಂತ ಸೊಂಟದ ಸುತ್ತ ಸೇರುವ ಕೊಬ್ಬನ್ನು ಅಲಕ್ಷ್ಯ ಮಾಡಿ ಅಂತ ನಾನು ಹೇಳುವುದಿಲ್ಲ. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಎಚ್ಚರ ಬೇಕು ಅನ್ನುತ್ತಾರೆ ವೈದ್ಯರು. ಅದನ್ನು ಅಳೆಯುವ ಜಾಗ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ. ನಾನು ರವಿಕೆಗೆ ಅಳೆಯುವುದು ಎದೆಯ ಕೆಳಗೆ. ನನ್ನ ಪುಸ್ತಕದ ಅಂಕಿಯಿಂದ ಯಾರ ಸಕ್ಕರೆ ಕಾಯಿಲೆಯೂ ಗೊತ್ತಾಗುವುದಿಲ್ಲ.

ಸಣಕಲಾಗಿದ್ದೂ ಶುಗರ್ ಮಾತ್ರೆ ನುಂಗುವ ಗಿರಾಕಿಗಳು ನನಗಿದ್ದಾರೆ, ಅವರನ್ನು ನೋಡಿ ಊರೆಲ್ಲ "ಎಷ್ಟು ಚೆನ್ನಾಗಿ ಮೈ ಇಟ್ಟುಕೊಂಡಿದ್ದೀರಿ" ಅನ್ನುತ್ತದೆ. ಅನುಮಾನವಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ಅಲ್ಲಿ ಪುಕ್ಕಟೆ ನೋಡುತ್ತಾರೆ.

ಮುಂದಿನ ಸೀಸನ್‌ಗೆ ಹೊಲಿಸುವವರು ಅಳತೆಗೆ ಬರುವಾಗ ಹೊಟ್ಟೆ ತುಂಬ ಊಟ ಮಾಡಿ ಬನ್ನಿ. ಸೀರೆಯ ದಿನ ಯಾವ ಒಳಉಡುಪು ಹಾಕುತ್ತೀರೋ ಅದನ್ನೇ ಹಾಕಿಕೊಂಡು ಬನ್ನಿ. ನಾಲ್ಕು ವರ್ಷ ಹಿಂದಿನ ಅಳತೆ ರವಿಕೆ ತರಬೇಡಿ. ಮದುವೆಗೆ ಹತ್ತು ದಿನ ಇರುವಾಗ ಒಮ್ಮೆ ಹಾಕಿ ನೋಡಿ, ಕೂತು, ಬಾಗಿ, ಕೈ ಮೇಲೆತ್ತಿ, ವಾಲಗಕ್ಕೆ ನಾಲ್ಕು ಹೆಜ್ಜೆ ಹಾಕಿ ನೋಡಿ. ಎಲ್ಲಿ ಹಿಡಿಯುತ್ತದೋ ಹೇಳಿ, ಅಲ್ಲಿ ಬಿಚ್ಚಿಕೊಡುತ್ತೇನೆ.